ನಲವತ್ತೊಂದನೇ ಚೀಟಿ

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡಲಿಲ್ಲ. ಸೇನಾ ಇತಿಹಾಸ ಸಂಘದ ಕೋಣೆಯಲ್ಲಿ ನಾವು ನಾಲ್ಕು ಜನ ಹೊಸ ಸದಸ್ಯರು ಸಿಕ್ಕಿಬಿದ್ದಿದ್ದೆವು. ಮಾರನೇ ದಿನ ವರ್ಷದ ನಡಿಗೆ. ಗಾಜಿನ ಕಪಾಟಿನಲ್ಲಿ ಹಳೇ ಪದಕ, ತುಕ್ಕು ಹಿಡಿದ ಬಕಲ್ಲು. ಮೇಜಿನ ಮೇಲೆ ಚೀಟಿ ತುಂಬಿದ ಬಿಸ್ಕತ್ತಿನ ಡಬ್ಬಿ, ಪಕ್ಕದಲ್ಲಿ ನಾನು ಹೊಸದಾಗಿ ಬರೆಯುತ್ತಿದ್ದ ದಾರಿಯ ನಕ್ಷೆ. ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದ ಮುದುಕರನ್ನು ನಾವು ಬೀಗದ ತಾತ ಅಂತಲೇ ಕರೆಯುತ್ತಿದ್ದೆವು. ಅವರು ಕಿಟಕಿ ಮುಚ್ಚಿ, ಸ್ಟೌ ಹಚ್ಚಿ ಚಹಾಕ್ಕೆ ಇಟ್ಟರು. ನಮ್ಮಲ್ಲೊಬ್ಬ ಡಬ್ಬಿಗೆ ಕೈ ಹಾಕಿ, "ನನಗೆ ನಲವತ್ತೊಂದು ಬಂತು! ಕಲ್ಲುಮೋರಿ ಹತ್ರ ಕೂತುಬಿಡಬೇಕಂತೆ, ಅರ್ಧ ದಾರಿ ಉಳೀತು," ಅಂತ ನಕ್ಕ.

ತಾತ ನಗಲಿಲ್ಲ. ಚೀಟಿ ಇಸಕೊಂಡು, ಮಡಿಚಿ, ಕುರ್ಚಿ ಎಳೆದು ಕೂತರು.

"ಕೂತ್ಕೊಳ್ರಪ್ಪಾ... ಈ ಮಳೇಲಿ ಎಲ್ಲಿಗೆ ಹೋಗ್ತೀರ? ಈ ಚೀಟಿ ಕತೆ ಹೇಳ್ತೀನಿ, ಕೇಳಿ. ನಡಿಗೆ ಅಂದ್ರೇನು ಅಂತ ಗೊತ್ತಲ್ಲ? ಬಹಳ ಹಿಂದಿನ ಯುದ್ಧದಲ್ಲಿ ನಮ್ಮ ಕಡೆಯ ಒಂದು ತುಕಡಿ, ತೊಂಬತ್ತೆರಡು ಜನ, ಹಿಮದಲ್ಲಿ ಗುಡ್ಡದಿಂದ ಸೇತುವೆವರೆಗೂ ಹಿಂದಕ್ಕೆ ನಡ್ಕೊಂಡು ಬಂದ್ರು. ಹದಿನೆಂಟು ಮೈಲಿ. ಸೇತುವೆ ಮುಟ್ಟಿದೋರು ಮೂವತ್ತು. ನಾವು ವರ್ಷಕ್ಕೊಂದ್ಸಲ ಅದೇ ದಾರಿ ನಡೀತೀವಿ, ಒಬ್ಬೊಬ್ಬರು ಒಬ್ಬ ಸಿಪಾಯಿ ಚೀಟಿ ಜೇಬಲ್ಲಿಟ್ಕೊಂಡು. ಅವನು ಎಲ್ಲಿ ಬಿದ್ದನೋ ಅಲ್ಲಿ ನೀನು ಕೂತ್ಕೋಬೇಕು. ಹಿಂದೆ ವ್ಯಾನು ಬಂದು ಹತ್ತಿಸ್ಕೊಳ್ಳುತ್ತೆ. ಸೇತುವೆ ಮುಟ್ಟಿದೋರ ಚೀಟಿ ನೋಡಿ ಕಾರ್ಯದರ್ಶಿ ಜೋರಾಗಿ 'ಬಂದ' ಅಂತ ಕೂಗ್ತಾರೆ.

"ಯಾರು ಎಲ್ಲಿ ಬಿದ್ರು ಅನ್ನೋದಕ್ಕೆ ನಕ್ಷೇಲಿ ಕೆಂಪು ಗುರುತು. ಅದನ್ನ ಹಾಕ್ಬೇಕಾದ್ರೆ ಎರಡು ಕಾಗದದ ಸಾಕ್ಷಿ ಬೇಕು. ನಮ್ಮೋರು ಸಾಮಾನ್ಯರೇ? ಸಿಪಾಯಿ ಕೋಟಿಗೆ ಐದು ಗುಂಡಿನೋ ಆರೋ ಅಂತ ಮೂರು ತಿಂಗಳು ಮಾತು ಬಿಟ್ಟು ಕೂತ ಪುಣ್ಯಾತ್ಮರು! ಹಂಗಾಗಿ ನಲವತ್ತೊಂದನೆಯೋನಿಗೆ ಗುರುತೇ ಇರ್ಲಿಲ್ಲ. ತುಕಡಿ ಸಾಮಾನು ಹೊರೋ ಹೇಸರಗತ್ತೆ ಹೊಡ್ಕೊಂಡು ಬರ್ತಿದ್ದ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ. ಸತ್ತೋರ ಪಟ್ಟೀಲೂ ಇಲ್ಲ, ಬದುಕಿದೋರ ಪಟ್ಟೀಲೂ ಇಲ್ಲ. ಎಲ್ಲಿ ಕೂರಬೇಕು ಅಂತ ಗೊತ್ತಿಲ್ದೆ ಆ ಚೀಟಿ ಹಿಡಿದೋರು ಪ್ರತಿ ವರ್ಷ ಸೇತುವೆವರೆಗೂ ಬರೋರು. ಆ ಚೀಟಿಗೆ ಎಷ್ಟು ಕಿತ್ತಾಟ ಅಂತೀರ! ಅದಿದ್ರೆ ಕಾಲೇ ನೋಯಲ್ಲ, ಒಂದು ಬೊಬ್ಬೆ ಏಳಲ್ಲ. ಅದೃಷ್ಟದ ಚೀಟಿ ಅಂತಿದ್ರು. ಯಾಕೆ ನೋಯಲ್ಲ ಅಂತ ಒಬ್ಬರಾದ್ರೂ ಯೋಚ್ನೆ ಮಾಡಿದ್ರಾ? ಇಲ್ಲ.

"ಆ ಹುಡುಗನಿಗೆ ಒಬ್ಬಳು ತಂಗಿ. ಎಂಬತ್ತು ದಾಟಿದ ಮುದುಕಿ. ಪ್ರತಿ ವರ್ಷ ಕೋಲೂರಿಕೊಂಡು ಸೇತುವೆ ಹತ್ರ ಬಂದು ನಿಲ್ಲೋಳು. ಕಾರ್ಯದರ್ಶಿ 'ನಲವತ್ತೊಂದು, ಬಂದ' ಅನ್ನೋರು. ಇವಳು ಒಬ್ಬಳೇ ಮನೆಗೆ ಹೋಗೋಳು. ಒಂದು ವರ್ಷ ತಡೀಲಾರದೆ ಸಂಘದ ನಕ್ಷೆ ಮೇಷ್ಟ್ರ ಕೈ ಹಿಡ್ಕೊಂಡ್ಲು. ಮೇಷ್ಟ್ರು ಸ್ಕೂಲಲ್ಲಿ ಡ್ರಾಯಿಂಗು, ಇಲ್ಲಿ ನಕ್ಷೆ. 'ಬಂದ ಬಂದ ಅಂತೀರಲ್ಲ ಅಪ್ಪಾ, ಎಲ್ಲಿ ಬಂದ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದು ಸಾಕಾಯ್ತು. ಅವನು ಇನ್ನೂ ನಡೀತಾನೇ ಇದಾನೆ. ಎಲ್ಲಾದ್ರೂ ಒಂದ್ಕಡೆ ಕೂರ್ಸು ಅವನನ್ನ... ನಾನು ಹೋಗೋದ್ರೊಳಗೆ.'

"ಮೇಷ್ಟ್ರು ಅಧ್ಯಕ್ಷರನ್ನ ಕೇಳಿದ್ರು. 'ಕಾಗದ ಇಲ್ದೆ ಗುರುತಿಲ್ಲ' ಅಂತ ಅವರು ಕೈ ತೊಳ್ಕೊಂಡ್ರು. ಮೇಷ್ಟ್ರಿಗೆ ಎರಡು ದಿನ ಊಟ ಸೇರ್ಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಒಂದು ಸುಳ್ಳು ಹೇಳಿ ಒಂದು ಮುದಿ ಜೀವಕ್ಕೆ ನೆಮ್ಮದಿ ಕೊಡಬಾರದಾ? ಹಳೇ ಹಾಳೆ ಹುಡುಕಿ, ಮಸಿಗೆ ನೀರು ಬೆರೆಸಿ, ಇಲ್ಲದ ಇಬ್ಬರು ಸಿಪಾಯಿಗಳ ಹೇಳಿಕೆ ತಾವೇ ಬರೆದ್ರು. ಸಂಘದೋರು ಭೂತಗನ್ನಡಿ ಹಿಡಿದು ನೋಡಿದ್ರು, ಒಪ್ಪಿದ್ರು. ಒಂಬತ್ತನೇ ಮೈಲಿ ಕಲ್ಲುಮೋರಿ ಹತ್ರ ಮೇಷ್ಟ್ರು ಕೆಂಪು ಗುರುತು ಹಾಕಿದ್ರು. ಅಲ್ಲೇ ಯಾಕೆ? ಕೂರಕ್ಕೆ ಕಲ್ಲು ಚೆನ್ನಾಗಿತ್ತು, ಅಷ್ಟೇ."

ಸ್ಟೌ ಮೇಲೆ ಚಹಾ ಕುದಿಯುತ್ತಿತ್ತು. ತಾತನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಆ ವರ್ಷ ಚೀಟಿ ಮೇಷ್ಟ್ರೇ ತಗೊಂಡ್ರು. ಹಾಡುಹಗಲು, ಚುರುಚುರು ಬಿಸಿಲು. ಎರಡನೇ ಮೈಲಿ ದಾಟಿದ ಮೇಲೆ ಕಾಲು ಹಗುರ ಆಯ್ತು... ಹತ್ತಿ ಮೇಲೆ ನಡೆದ ಹಾಗೆ. ಮೋರಿ ಬಂತು. ಮೇಷ್ಟ್ರು ಕೂತ್ರು. ಉಳಿದೋರು ಕೈ ಬೀಸಿ ಮುಂದೆ ಹೋದ್ರು. ರಸ್ತೆ ಖಾಲಿ. ಆಗ ಪಕ್ಕದಲ್ಲೇ ಯಾರೋ ಕೇಳಿದ್ರು, 'ಇಲ್ಲೇನಾ ಅಣ್ಣಾ?'

"ತಿರುಗಿ ನೋಡಿದ್ರೆ ಒಬ್ಬ ಹುಡುಗ ನಿಂತಿದಾನೆ. ಆ ಬಿಸಿಲಲ್ಲಿ ಅವನ ರೆಪ್ಪೆ ಮೇಲೆ ಹಿಮ. ಕಾಲಿಗೆ ಬೂಟಿಲ್ಲ, ಗೋಣಿತಾಟು ಸುತ್ಕೊಂಡಿದಾನೆ. ಮೇಷ್ಟ್ರ ಜೀವ ಬಾಯಿಗೆ ಬಂತು. ಆದ್ರೆ ಹುಡುಗನ ಮುಖದಲ್ಲಿ ಸಿಟ್ಟಿಲ್ಲ, ಅಳು ಇಲ್ಲ, ಏನೂ ಇಲ್ಲ. 'ನನಗೆ ಕಾಲು ಗೊತ್ತಾಗ್ತಿಲ್ಲ ಅಣ್ಣಾ,' ಅಂದ. 'ನಡೀತಿದೀನೋ ನಿಂತಿದೀನೋ ಅದೂ ಗೊತ್ತಾಗಲ್ಲ. ಸಾಕು, ನಿಲ್ಲು ಅಂತ ಯಾರೂ ಹೇಳ್ಲಿಲ್ಲ. ನಿಮ್ಮ ನಕ್ಷೇಲಿ ಇಲ್ಲೇ ಅಂತ ಇದೆಯಾ? ಖಾತ್ರಿನಾ?'

"ನೋಡಿ... ಆಗಲಾದ್ರೂ 'ಗೊತ್ತಿಲ್ಲಪ್ಪಾ, ನಾನೇ ಬರೆದಿದ್ದು' ಅನ್ನಬಹುದಿತ್ತು. ನೀವಾಗಿದ್ರೆ ಅಂತಿದ್ರಾ? ಆ ಮುಖ ನೋಡ್ಕೊಂಡು? ಮೇಷ್ಟ್ರು 'ಖಾತ್ರಿ' ಅಂದ್ರು. ಹುಡುಗ ಮೆಲ್ಲಗೆ ಕಲ್ಲಿಗೆ ಒರಗಿ ಕೂತ. 'ಹಾಗಾದ್ರೆ ಉಳಿದ ದಾರಿ ನಿಮ್ಮದು,' ಅಂತ ಕಣ್ಣು ಮುಚ್ಚಿದ. ಆಮೇಲೆ ಅಲ್ಲಿ ಬರೀ ಕಲ್ಲು, ಬಿಸಿಲು.

"ಸಾಯಂಕಾಲ ಸೇತುವೆ ಹತ್ರ ಕಾರ್ಯದರ್ಶಿ 'ನಲವತ್ತೊಂದು' ಅಂದು ಸುಮ್ನಾದ್ರು. 'ಬಂದ' ಅನ್ನಲಿಲ್ಲ. ಮುದುಕಿ ಮೇಷ್ಟ್ರ ಕಡೆ ನೋಡಿದ್ಲು. 'ಕೂತ್ನಾ?' ಅಂದ್ಲು. 'ಕೂತ ಕಣಮ್ಮ.' ಅಷ್ಟು ವರ್ಷಕ್ಕೆ ಆವತ್ತು ಅವಳು ಬಾಯ್ಬಿಟ್ಟು ಅತ್ಲು. ಅದೇ ತಿಂಗಳು ನಿದ್ದೇಲೇ ಹೋದ್ಲು, ಸುಖವಾಗಿ.

"ಮೇಷ್ಟ್ರು? ಆವತ್ತು ಮೋರಿ ಹತ್ರ ವ್ಯಾನು ಬಂದಾಗ ಎದ್ದು ನಿಂತರಲ್ಲ, ಪಾದ ನೆಲಕ್ಕೆ ತಾಗಿದ್ದು ಗೊತ್ತಾಗ್ಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ಚುಚ್ಚಿ ಸೋತ್ರು. ಮಲಗಿದೀನಿ ಅಂತ ಮಲಗ್ತಾರೆ, ಬೆಳಿಗ್ಗೆ ನೋಡಿದ್ರೆ ಚಪ್ಪಲಿ ಸವೆದಿರುತ್ತೆ. ಎರಡು ತಿಂಗಳಿಗೊಂದು ಜೊತೆ! ಅದೂ ಹೋಗ್ಲಿ... ಆ ಮರಗಟ್ಟಿದ್ದು ಪಾದದಲ್ಲೇ ನಿಲ್ಲಲಿಲ್ಲ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಹೆಂಡತಿ ಹೋದ ದಿನ ಮಗಳು ತೋಳು ಹಿಡಿದು ಅಲುಗಾಡಿಸಿದ್ಲು, 'ಅಪ್ಪಾ, ಅತ್ತುಬಿಡಪ್ಪಾ' ಅಂತ. ಒಂದು ಹನಿ ಬರ್ಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ... ಎದೆವರೆಗೂ ಬಂದುಬಿಟ್ಟಿತ್ತು ಅದು."

ಹೇಳುತ್ತಲೇ ತಾತ ಎದ್ದು ಕೆಟಲು ಎತ್ತಿಕೊಂಡರು. ಲೋಟಕ್ಕೆ ಬಗ್ಗಿಸುವಾಗ ಕೈ ತಪ್ಪಿತು. ಕುದಿಯುವ ಚಹಾ ಧಾರೆಯಾಗಿ ಅವರ ಬರಿಗಾಲ ಮೇಲೆ ಸುರಿಯಿತು. ನಾನು "ಅಯ್ಯೋ ತಾತ!" ಅಂತ ಚೀರಿದೆ. ಪಾದ ಕೆಂಪಾಗಿ ಹಬೆ ಏಳುತ್ತಿತ್ತು. ತಾತ ಮಾತ್ರ ಲೋಟ ತುಂಬಿತೇ ಅಂತ ನೋಡುತ್ತಿದ್ದರು.

"ಏನಾಯ್ತು?" ಅಂದರು. ಆಮೇಲೆ ಬಗ್ಗಿ ನೋಡಿ, "ಓ... ಬಿಸಿ ಇತ್ತಾ?"

ಬಾಗಿಲ ಬಳಿ ಬಿಟ್ಟಿದ್ದ ಅವರ ಚಪ್ಪಲಿ ಕಂಡಿತು. ಹಿಮ್ಮಡಿಯ ಹತ್ತಿರ ನೆಲ ಕಾಣುವಷ್ಟು ಸವೆದಿತ್ತು.

ತಾತ ನನ್ನ ಮುಂದೆ ಲೋಟ ಇಟ್ಟರು. ನಕ್ಷೆಯ ಮೇಲೆ ಬಾಗಿ, ಮೋರಿಯಿಂದ ಸೇತುವೆವರೆಗೂ ಬೆರಳಾಡಿಸಿದರು. ಗುರುತು ಹಾಕುವ ಕೆಂಪು ಪೆನ್ಸಿಲ್ಲು ನನ್ನ ಕೈಯಲ್ಲೇ ಇತ್ತು.

"ಈಗ ನಕ್ಷೆ ಬರೆಯೋಳು ನೀನು ತಾನೇ ಮಗಳೇ?" ಅಂದರು. "ನನಗೂ ಒಂದು ಗುರುತು ಹಾಕಿಕೊಡು. ಎಲ್ಲಾದ್ರೂ ಸರಿ. ಹಾಕಿ, ಖಾತ್ರಿ ಅಂತ ಒಂದು ಮಾತು ಹೇಳಿಬಿಡು."

ನಾನು ಪೆನ್ಸಿಲ್ಲನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ತಾತ ನಲವತ್ತೊಂದನೇ ಚೀಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಅವಸರ ಏನಿಲ್ಲ, ಯೋಚ್ನೆ ಮಾಡು," ಅಂದರು. "ನಿನಗೆ ನೋವಂತೂ ಆಗಲ್ಲ."