ಎಣ್ಣೆ ಬೇಡದ ಚೈನು

ಬೇಡ ಭಾವ, ಆ ಬಟ್ಟೇಲಿ ಕುರ್ಚಿ ಒರೆಸಬೇಡಿ. ಅದಕ್ಕಿಂತ ಧೂಳೇ ವಾಸಿ. ನಿಮ್ಮನ್ನ ಕೆಲಸದಿಂದ ತೆಗೆದು ಒಂಬತ್ತು ದಿನ ಆಯ್ತು, ಇನ್ನೂ ಆ ಜಿಡ್ಡು ಬಟ್ಟೇನ ಜೇಬಲ್ಲಿ ಇಟ್ಕೊಂಡು ಓಡಾಡ್ತೀರಲ್ಲ. ನಾನು ನಿಂತೇ ಇರ್ತೀನಿ. ಇಲ್ಲಪ್ಪ, ಕೋಪ ಏನಿಲ್ಲ. ಅಕ್ಕ ಎಲ್ಲಿ? ಹೊರಗೆ ಹೋಗಿದ್ದಾಳಾ... ಒಳ್ಳೇದೇ ಆಯ್ತು. ಅವಳಿದ್ರೆ ಮಾತಿಗೆ ಮಾತು ಬೆಳೆಯುತ್ತೆ.

ಈ ಕಾಗದ ನೋಡಿ. ಮಾಲೀಕರು ಬರೆಸಿ ಕೊಟ್ಟಿದ್ದು. ನಾಳೆ ಹನ್ನೊಂದು ಗಂಟೆಗೆ ಆ ಅಪಘಾತದ ತನಿಖೆಯವರು ಲಾಂಡ್ರಿಗೆ ಬರ್ತಾರಂತೆ. ನೀವು ಇದಕ್ಕೊಂದು ಸೈನ್ ಹಾಕಿದ್ರೆ ವಿಷಯ ಅಲ್ಲಿಗೆ ಮುಗೀತು. ಪೊಲೀಸು ಗಿಲೀಸು ಅಂತ ಏನೂ ಆಗಲ್ಲ. ನಿಮ್ಮನ್ನ ವಾಪಸ್ ತಗೊಳ್ತಾರೆ, ಗೇಟಿನ ಕೆಲಸಕ್ಕೆ. ಯಾಕೆ ನಗ್ತೀರಿ? ಇಪ್ಪತ್ತೆರಡು ವರ್ಷ ಏಣಿ ಹತ್ತಿ ಇಳಿದದ್ದು ಸಾಕಾಗಲಿಲ್ವಾ? ಕೂತಲ್ಲೇ ಕೂತು ಮಾಡೋ ಕೆಲಸ. ಕೈಯಾದ್ರೂ ಶುದ್ಧವಾಗಿರುತ್ತೆ.

ಓದೋಕೆ ಮುಂಚೆ ಒಂದು ಸಲ ಕೇಳಿ. ನಾಳೆ ಅವರು ನನ್ನನ್ನೂ ಕೇಳ್ತಾರೆ, ಮಡಿಸೋ ವಿಭಾಗದ ಮೇಲ್ವಿಚಾರಕಿ ಅಂತ. ಅವರಿಗೆ ಹೇಳೋ ಹಾಗೇ ಮೊದಲಿಂದ ಹೇಳ್ತೀನಿ. ತಪ್ಪಿದ್ರೆ ತಿದ್ದಿ.

ಸಾರ್, ನಮ್ಮದು ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿ. ಬಿಳಿ ಬಿಟ್ಟರೆ ಬೇರೆ ಬಣ್ಣ ಇಲ್ಲ. ಒದ್ದೆ ಬಟ್ಟೆ ತುಂಬಿದ ಚೀಲಗಳು ತಲೆ ಮೇಲಿನ ಹಳಿ ಹಿಡ್ಕೊಂಡು, ಏರು ಹತ್ತಿ, ಒಣಗಿಸೋ ಯಂತ್ರಕ್ಕೆ ಹೋಗ್ತವೆ. ಅವನ್ನ ಎಳೆಯೋದು ಒಂದು ಮೋಟಾರು. ಮೋಟಾರಿಗೂ ಹಳಿಗೂ ನಡುವೆ ಒಂದು ಚೈನು, ಎರಡು ಮಾರುದ್ದ. ಎಣ್ಣೆ ಹಾಕೋದು ನಮ್ಮ ಭಾವ, ಅಂದ್ರೆ ನಮ್ಮಕ್ಕನ ಗಂಡ. ಆ ಚೈನು ಇರೋದು ಸರಿಯಾಗಿ ನನ್ನ ಮಡಿಸೋ ಮೇಜಿನ ನೆತ್ತಿ ಮೇಲೆ. ಆ ಜಾಗ ಯಾರು ಆರಿಸಿದ್ರೋ, ಅವರ ತಲೆಗಿಷ್ಟು ಬೆಂಕಿ ಹಾಕ.

ತೊಟ್ಟಿಕ್ಕೋದು, ಭಾವ. ಒಂದು ದಿನ ಬಿಟ್ಟು ಒಂದು ದಿನ. ಬರೀ ಎಣ್ಣೆ ಆಗಿದ್ರೆ ಸಹಿಸ್ತಿದ್ದೆ. ಬಟ್ಟೆಯಿಂದ ಏಳೋ ನೂಲಿನ ಧೂಳು ಆ ಎಣ್ಣೆಗೆ ಸೇರಿ, ಬಚ್ಚಲ ಮೋರೀಲಿ ಕೂದಲು ಕಟ್ಕೊಂಡ ಹಾಗೆ ಕಪ್ಪುಕಪ್ಪು ಉಂಡೆ. ಕೊಂಡಿಯಿಂದ ಜೋತಾಡ್ತಾ ಇರೋದು. ಈಗ ಬೀಳ್ತೀನಿ, ಆಗ ಬೀಳ್ತೀನಿ... ಬೀಳ್ತಿದ್ದಿದ್ದು ಆಗ ತಾನೇ ಇಸ್ತ್ರಿಯಾಗಿ ಬಂದ ಹಾಸಿನ ಮೇಲೆ. ಥೂ. ಒಂದು ಆಸ್ಪತ್ರೆಯವರು ಎರಡು ಗಾಡಿ ತುಂಬಾ ವಾಪಸ್ ಕಳಿಸಿ ಚೀಟಿ ಬರೆದಿದ್ರು, ಇದರ ಮೇಲೆ ನಿಮ್ಮ ಮನೆಯವರನ್ನ ಮಲಗಿಸ್ತೀರಾ ಅಂತ. ಅವತ್ತು ನನಗೆ ಊಟ ಸೇರಲಿಲ್ಲ.

ಆಗ ನೀವು ಹೇಳಿದ್ರಿ. ಅದನ್ನೂ ಹೇಳ್ತೀನಿ ನಾಳೆ, ನಿಮ್ಮ ಒಳ್ಳೇತನ ಮುಚ್ಚಿಡಲ್ಲ. "ಹೊರಗೆ ಕಾಣೋ ಎಣ್ಣೆ ಕೆಲಸಕ್ಕೆ ಬಾರದ ಎಣ್ಣೆ ಕಣಮ್ಮ. ಕೊಂಡಿ ಸವೆಯೋದು ಒಳಗೆ, ಪಿನ್ನು ಬುಷ್ಷಿಗೆ ಉಜ್ಜೋ ಜಾಗದಲ್ಲಿ. ಅಲ್ಲಿಗೆ ಒಂದು ತೊಟ್ಟು ಹೋದ್ರೆ ಸಾಕು. ಆದ್ರೆ ಹೋಗಿದ್ದು ಅಲ್ಲೇ ಉಳೀಬೇಕು." ನನಗೆ ಅರ್ಥ ಆಗಲಿ ಅಂತ ಪೆನ್ನಿನ ಮುಚ್ಚಳದೊಳಗೆ ರೀಫಿಲ್ ತೂರಿಸಿ ತಿರುಗಿಸಿ ತೋರಿಸಿದ್ರಿ. ರೀಫಿಲ್ಲು ಪಿನ್ನು, ಮುಚ್ಚಳ ಬುಷ್ಷು ಅಂತ. ಆಮೇಲೆ ಅಂದ್ರಿ, ಈಗ ಎಣ್ಣೆ ಬೇಡದ ಚೈನು ಬಂದಿದೆ. ಬುಷ್ಷಿನ ಲೋಹದಲ್ಲೇ ಕಣ್ಣಿಗೆ ಕಾಣದ ತೂತುಗಳು, ಸ್ಪಂಜಿನ ಹಾಗೆ. ಅದಕ್ಕೆ ಎಣ್ಣೆ ಕುಡಿಸಿರ್ತಾರೆ. ಓಡಿ ಬಿಸಿಯಾದಾಗ ಎಣ್ಣೆ ಈಚೆ ಬರುತ್ತೆ, ನಿಂತು ತಣ್ಣಗಾದ್ರೆ ಒಳಗೆ ಹೀರ್ಕೊಳ್ಳುತ್ತೆ. ಮೇಲಿಂದ ಹಾಕೋ ಹಾಗಿಲ್ಲ, ಕೆಳಗೆ ಬೀಳೋ ಹಾಗಿಲ್ಲ. ಮಾಲೀಕರ ಹತ್ರ ಮೂರು ತಿಂಗಳು ಜಗಳ ಆಡಿ ಅದನ್ನ ತರಿಸಿದ್ದು ನಾನು. ಅದನ್ನೂ ಬರ್ಕೊಳ್ಳಲಿ.

ಚೈನು ಬಂದಾಗ ನೀವು ರಜೆ. ಕಣ್ಣಿನ ಆಪರೇಷನ್ನು. ಪೆಟ್ಟಿಗೆ ನಾಲ್ಕು ದಿನ ಸಾಮಾನು ಕೋಣೇಲಿತ್ತು. ನೀವು ಬಂದ್ರಿ, ಹಾಕಿದ್ರಿ. ಅಷ್ಟೇ.

ಏನು? ನಾಲ್ಕು ದಿನದಲ್ಲಿ ಏನು? ಏನೂ ಇಲ್ಲ. ಕೋಣೆಗೆ ಬೀಗ ಇತ್ತು. ಬೀಗದ ಕೈ ನನ್ನ ಹತ್ರ ಒಂದು... ಕಾವಲಿನವನ ಹತ್ರ ಒಂದು. ಮುಂದೆ ಕೇಳಿ.

ಒಂದು ವಾರ ಚಿನ್ನದಂಥ ಕೆಲಸ. ಹಾಸು ಬೆಳ್ಳಗೆ, ಮೇಜು ಬೆಳ್ಳಗೆ. ಎರಡನೇ ವಾರ ಕೀಚು ಶುರುವಾಯ್ತು. ತಗಡಿನ ಮೇಲೆ ಉಗುರು ಎಳೆದ ಹಾಗೆ. ಹಲ್ಲು ಜುಂ ಅನ್ನೋದು. ಮೂರನೇ ವಾರ ಪುಡಿ. ಕಪ್ಪು ತಪ್ಪಿತಲ್ಲ ಅಂದ್ರೆ ಈಗ ಕೆಂಪು, ಇಟ್ಟಿಗೆ ಪುಡಿ ಹಾಗೆ, ಕೊಂಡಿ ಸಂದಿಯಿಂದ ಉದುರೋದು. ಹಾಸು ಕೊಡವಿದ್ರೆ ಮೂಗಿಗೆ ಬಾಯಿಗೆ. ಛೀ, ನೆನೆಸ್ಕೊಂಡ್ರೆ ಈಗಲೂ ಗಂಟಲು ಕೆರೆಯುತ್ತೆ. ನೀವು ಬೆಳಿಗ್ಗೆ ಬಂದು ನನ್ನ ಮೇಜಿನ ಮುಂದೆ ಕೈ ಕಟ್ಕೊಂಡು ನಿಲ್ತಿದ್ರಿ. "ಎಣ್ಣೆ ಕ್ಯಾನು ಕೊಡಮ್ಮ, ಕೊಂಡಿಗೊಂದು ತೊಟ್ಟು ಬಿಡ್ತೀನಿ, ಮಿಕ್ಕಿದ್ದು ಒರೆಸಿಬಿಡ್ತೀನಿ." ಕ್ಯಾನು ನನ್ನ ಬೀರೂಲಿತ್ತು, ಬೀಗ ಹಾಕಿ ಇಟ್ಟಿದ್ದೆ. ಹನ್ನೊಂದು ದಿನ ಕೇಳಿದ್ರಿ. ಎಣ್ಣೆ ಬೇಡದ ಚೈನು ಅಂದೋರೂ ನೀವೇ, ಎಣ್ಣೆ ಕೊಡಿ ಅನ್ನೋರೂ ನೀವೇ ಅಂತ ಎಲ್ಲರ ಎದುರಿಗೆ ಅಂದೆ. ಎಲ್ಲರೂ ನಕ್ಕರು. ನೀವೂ ನಕ್ಕಿರಿ... ಅಲ್ವಾ? ನಕ್ಕ ಹಾಗೆ ಇತ್ತು ನನಗೆ.

ಹನ್ನೆರಡನೇ ದಿನ ಚೈನು ಕಡೀತು. ಊಟ ಮುಗಿದ ಗಂಟೆ ಹೊಡೆದು ಎಲ್ಲರೂ ಮೇಜಿಗೆ ಬಂದು ನಿಂತಿದ್ರು. ಏರಿನ ಮೇಲಿದ್ದ ಎಂಟು ಚೀಲಾನೂ ಹಿಂದಕ್ಕೆ ಜಾರಿ, ಒಂದರ ಮೇಲೊಂದು ಗುದ್ಕೊಂಡು, ಎರಡು ಕೊಕ್ಕೆ ತಪ್ಪಿ ಬಿದ್ವು. ನಮ್ಮ ಮೇಜಿನ ಎಡಚಿ, ಎಡಗೈಲೇ ಮಡಿಸ್ತಾಳಲ್ಲ ಅವಳು, ತಲೆ ತಪ್ಪಿಸ್ಕೊಂಡ್ಲು. ಕೈ ಸಿಕ್ಕಿಹಾಕ್ಕೊಂಡ್ತು. ಎಡಗೈಯೇ. ಅವಳಷ್ಟು ಚುರುಕಾಗಿ ಹಾಸು ಮಡಿಸೋರು ಇಡೀ ಲಾಂಡ್ರೀಲಿ ಇಲ್ಲ, ನಿಮಗೇ ಗೊತ್ತು. ಮೊಣಕೈ ಇನ್ನು ಪೂರ್ತಿ ನೆಟ್ಟಗಾಗಲ್ಲವಂತೆ.

ಆಸ್ಪತ್ರೆಗೆ ಅವಳನ್ನ ನೋಡೋಕೆ ಹೋಗಿದ್ದೆ. ಹೋದವಳು ಮೊದಲು ಏನು ನೋಡಿದೆ ಹೇಳಿ... ಅವಳು ಮಲಗಿದ್ದ ಹಾಸು. ಮೂಲೇಲಿ ನಮ್ಮ ಲಾಂಡ್ರಿ ಗುರುತಿತ್ತು. ಕಲೆ ಇದೆಯಾ ಅಂತ ನೋಡಿದೆ. ಇರಲಿಲ್ಲ. ಆಮೇಲೆ ಅವಳ ಮುಖ ನೋಡಿದೆ. ಇದನ್ನ ತನಿಖೆಯವರಿಗೆ ಹೇಳಲ್ಲ ಬಿಡಿ. ನಿಮಗೆ ಯಾಕೆ ಹೇಳಿದ್ನೋ.

ಆಮೇಲೆ ಚೈನು ಕಂಪನಿಯವನು ಬಂದ. ಮುರಿದ ಬುಷ್ಷನ್ನ ಬಿಸಿ ಮಾಡಿ ಬಿಳಿ ಕಾಗದದ ಮೇಲಿಟ್ಟ. ಕಾಗದಕ್ಕೆ ಜಿಡ್ಡೇ ಹತ್ತಲಿಲ್ಲ. "ಇದರಲ್ಲಿ ಒಂದು ತೊಟ್ಟೂ ಉಳಿದಿಲ್ಲ. ಯಾರೋ ಮುಳುಗಿಸಿಟ್ಟು ತೊಳೆದಿದ್ದಾರೆ" ಅಂದ. ಎಲ್ಲರೂ ನಿಮ್ಮ ಕಡೆ ನೋಡಿದ್ರು. ನೋಡದೆ ಏನು? ಹಳೇ ಚೈನನ್ನ ತಿಂಗಳಿಗೊಂದು ಸಲ ಸೀಮೆಎಣ್ಣೇಲಿ ತೊಳೀತಿದ್ದೋರು ನೀವು. ನೀವು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ತಲೆ ತಗ್ಗಿಸಿ ನಿಂತ್ರಿ. ನನಗೆ ಅವತ್ತು ನಿಮ್ಮ ಮೇಲೆ ಎಂಥ ಹೇಸಿಗೆ ಬಂತು ಗೊತ್ತಾ? ಗಂಡಸಾಗಿ ಒಂದು ಮಾತು ಆಡಬಾರದಾ ಅಂತ.

ಕಾಗದದಲ್ಲಿ ಇಷ್ಟೇ ಇರೋದು. ಹಳೇ ಅಭ್ಯಾಸದ ಮೇಲೆ, ಗೊತ್ತಿಲ್ಲದೆ, ಹೊಸ ಚೈನನ್ನು ನಾನೇ ಸೀಮೆಎಣ್ಣೆಯಲ್ಲಿ ತೊಳೆದೆ. ಗೊತ್ತಿಲ್ಲದೆ ಅನ್ನೋ ಮಾತು ನಾನು ಸೇರಿಸಿದ್ದು. ಸೀಮೆಎಣ್ಣೆ ಅಂತಲೇ ಇರಲಿ. ನಿಜ ಹೇಳಬೇಕಂದ್ರೆ ಸೀಮೆಎಣ್ಣೆಗೆ ಅಷ್ಟು ಸುಲಭಕ್ಕೆ ಬಿಡಲ್ಲ ಬುಷ್ಷಿನ ಒಳಗಿನ ಎಣ್ಣೆ. ಕಲೆ ತೆಗೆಯೋ ಸಾಲ್ವೆಂಟು ಆಗಬೇಕು. ಮೊದಲನೇ ದಿನ ಮೇಲಿನ ಜಿಡ್ಡು ಹೋಗುತ್ತೆ, ಎರಡನೇ ದಿನ ಒಳಗಿಂದ ಸಣ್ಣ ಸಣ್ಣ ಎಳೆ, ಕಂದು ಬಣ್ಣ, ಒಂದೊಂದು ಕೊಂಡಿಯಿಂದಲೂ ಎಳೆ ಎಳೆಯಾಗಿ ಬಿಟ್ಕೊಳ್ಳುತ್ತೆ, ಹೊಗೆ ಹಾಗೆ...

ಹಾಗಂತ ಕಂಪನಿಯವನೇ ಹೇಳಿದ. ನೀವೂ ಅಲ್ಲೇ ಇದ್ರಲ್ಲ. ಹೇಳಲಿಲ್ವಾ? ನಿಮ್ಮ ಮುಂದೆ ಹೇಳಿರಲಿಕ್ಕಿಲ್ಲ. ಆಮೇಲೆ, ನನ್ನೊಬ್ಬಳಿಗೆ... ಯಾಕೆ ಹಾಗೆ ನೋಡ್ತೀರಿ? ಏನಾದ್ರೂ ಕೇಳೋದಿದ್ರೆ ಕೇಳಿ. ಬೈಯೋದಿದ್ರೆ ಬೈಯಿರಿ.

ಪೆನ್ನು ಯಾಕೆ ತಗೊಂಡ್ರಿ? ಓದಲಿಲ್ಲವಲ್ಲ ಇನ್ನೂ. ಕನ್ನಡಕ ಹಾಕ್ಕೊಳ್ಳಿ. ಓದಿ ಭಾವ. ಅಲ್ಲಲ್ಲ, ಅಲ್ಲಿ ಅಲ್ಲ ಸೈನು... ತಡೀರಿ. ತಡೀರಿ ಒಂದು ನಿಮಿಷ. ತೊಳೀದೇ ಇರೋನು, ತೊಳೆದೆ ಅಂತ ಯಾಕೆ ಹಾಕ್ತಾನೆ ಸೈನು? ಓದದೆ, ಒಂದು ಮಾತು ಕೇಳದೆ?

ನಿಮಗೆ ಗೊತ್ತಿತ್ತು.

ಆ ದಿನ ಪೆಟ್ಟಿಗೆ ಬಿಚ್ಚಿ ಚೈನನ್ನ ಮೂಗಿನ ಹತ್ರ ಹಿಡಿದ್ರಿ. ನಾನು ದೂರದಿಂದ ನೋಡ್ತಿದ್ದೆ. ಕಣ್ಣು ಸರಿಯಾಗಿ ಕಾಣಲ್ಲ, ಅದಕ್ಕೆ ಹತ್ರ ಹಿಡ್ಕೊಂಡಿದ್ದಾರೆ ಅಂದ್ಕೊಂಡೆ. ಸಾಲ್ವೆಂಟಿನ ವಾಸನೆ ಮೂಸಿದ್ದು ಅದು. ಡ್ರೈ ಕ್ಲೀನಿಂಗ್ ಕೋಣೇಲಿ ನಾನು ಚೈನು ನೆನೆಸಿದ್ದ ಹಸಿರು ಟಬ್ಬು, ಒಳಗೆಲ್ಲ ಕಂದು ಗೀರು ಕಟ್ಟಿತ್ತು. ಉಜ್ಜೋಕೆ ಪುರುಸೊತ್ತಿಲ್ಲದೆ ಬಾಗಿಲ ಹಿಂದೆ ನಿಲ್ಲಿಸಿದ್ದೆ. ಸಂಜೆ ಹೋಗಿ ನೋಡಿದ್ರೆ ಫಳಫಳ ಅಂತಿತ್ತು. ಯಾರೋ ಬೇಕಾಗಿ ತೊಳ್ಕೊಂಡಿದ್ದಾರೆ, ನನ್ನ ಪುಣ್ಯ ಅಂದ್ಕೊಂಡೆ... ನೀವಾ? ಆ ಟಬ್ಬು ಉಜ್ಜಿದ್ದು ನೀವಾ ಭಾವ?

ಅದಕ್ಕೇ ಯಾರು ತೊಳೆದ್ರು ಅಂತ ಒಂದು ದಿನಾನೂ ಕೇಳಲಿಲ್ಲ. ಎಣ್ಣೆ ಮಾತ್ರ ಕೇಳಿದ್ರಿ. ಎಣ್ಣೆ ಹಾಕಿ ನಾನು ಮಾಡಿದ್ದನ್ನ ಮುಚ್ಚೋಣ ಅಂತ. ಅಕ್ಕನಿಗೂ ಹೇಳಿಲ್ವಾ? ತಲೆ ಆಡಿಸಬೇಡಿ ಹಾಗೆ. ಹೇಳಬೇಕಿತ್ತು. ಅವಳಾದ್ರೂ ಬಂದು ನನ್ನ ಕೆನ್ನೆಗೆ ಬಾರಿಸ್ತಿದ್ಲು.

ಜಿಡ್ಡಿತ್ತು ಭಾವ. ಪೆಟ್ಟಿಗೆ ತೆಗೆದ್ರೆ ಕೈಗೆ ಅಂಟ್ಕೊಂಡ್ತು, ಹಳದಿ, ಸಿಂಬಳದ ಹಾಗೆ ನೂಲು ನೂಲು. ಇದೂ ನನ್ನ ಮೇಜಿನ ಮೇಲೆ ನೇತಾಡಬೇಕಾ ಅನ್ನಿಸ್ತು. ಒಳಗೆ ಒಂದು ಚೀಟಿ ಇತ್ತು, ತೊಳೆಯಬೇಡಿ ಅಂತ. ಓದಿದೆ. ಇವರೆಲ್ಲ ಜಿಡ್ಡಲ್ಲೇ ಹುಟ್ಟಿ ಬೆಳೆದೋರು, ಇವರಿಗೇನು ಗೊತ್ತು ಅಂದ್ಕೊಂಡು ಹರಿದು ಹಾಕಿದೆ. ನಾನು ಮಾಡಿದ್ದು ನನಗೇ ಹೇಸಿಗೆ. ಹನ್ನೊಂದು ದಿನ ನಿಮ್ಮ ಮುಂದೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಿದ್ದು...

ಆ ಪೆನ್ನು ಕೊಡಿ ಇತ್ತ. ಕಾಗದಾನೂ ಕೊಡಿ. ಕೊಡಿ ಅಂದೆನಲ್ಲ.

ನಾಳೆ ಹನ್ನೊಂದು ಗಂಟೆ. ಮೊದಲನೇ ಮಾತು ಏನು ಆಡ್ಲಿ? ಹೇಳಿಕೊಡಿ. ಪಿನ್ನು ಬುಷ್ಷು ಹೇಳಿಕೊಟ್ಟೋರು, ಇದೊಂದು ಹೇಳಿಕೊಡಲ್ವಾ? ಆಯ್ತು, ಬಿಡಿ. ನಾನೇ ಹೇಳ್ತೀನಿ. ಸಾರ್, ಆ ಚೈನನ್ನ ನಾನು ತೊಳೆಸಿದೆ.

ಅಲ್ಲ. ತೊಳೆಸಿದೆ ಅಲ್ಲ. ಯಾರ ಕೈಲೂ ತೊಳೆಸಲಿಲ್ಲ. ತೊಳೆದೆ.