ಏಳನೇ ಅಡ್ಡಗೋಲು

...ಅಲ್ಲಿ ನಿಂದರಬ್ಯಾಡ ನೀಲವ್ವ, ಬಿಸಲೈತಿ. ಈ ಬಾಗಲದ ನೆಳ್ಳಿಗೆ ಬಾ. ಯಾರ ಮನೀದೋ ಏನೋ. ನೋಡು, ಬುಲ್ಡೋಜರ ಹಾದಮ್ಯಾಲ ಸಮುದ್ರದ ದಂಡಿ ಈ ಇಡೀ ಬಾಯ್ನಾದಾಗ ಮನಿ ಒಂದೂ ಇಲ್ಲ, ಮಂದಿ ಕಿತ್ತಿಟ್ಟ ಬಾಗಲಾ ಮಾತ್ರ ಉಸುಕಿನಾಗ ಸಾಲಾಗಿ ನಿಂತಾವು. ನಿನ್ನೆ ಒಬ್ಬ ಮುದುಕ ಬಂದು ಇದನ್ನ ಬಡದು, ಒಳಗ ಯಾರದೀರಿ ಅಂತ ಕೇಳಿದ. ನಾ ಹಿಂದಿನಿಂದ, ಬರ್ರಿ ಅಂದೆ.

ನಕ್ಕಿ ಏನು? ನಗವಾ, ನಗು. ಮೂರು ದಿನ ಆತು ಅಳಾಕತ್ತು.

ಪರಶೂನ್ನ ದವಾಖಾನಿಯಿಂದ ಎಷ್ಟೊತ್ತಿಗೆ ಕೊಡತಾರಂತ? ನಾಕಕ್ಕ? ಆತು, ಅಷ್ಟರಾಗ ಚಟ್ಟ ಮುಗೀತೈತಿ. ಹಸೀ ಬಿದಿರು ತಂದೇನಿ. ನಿನ್ನ ಗಂಡ ಭಾರದ ಮನಶ್ಯಾ, ಬಂದರದಾಗ ಮೂಟಿ ಹೊತ್ತ ಮೈ. ಕಾಳಜಿ ಮಾಡಬ್ಯಾಡ, ಈ ಮೇದಾರ ನಾನಪ್ಪ ಮಾಡಿದ್ದು ಮುರಿಯಂಗಿಲ್ಲ. ...ಏನಿಲ್ಲ. ಸುಮ್ನ ಅಂದೆ, ಮುರಿಯಂಗಿಲ್ಲ ಅಂತ.

ಫೌಜದಾರ ಮುಂಜಾನೆ ಬಂದಿದ್ದ. ಹೂಂ, ನನ್ನ ಕಡೆನೇ. ಚಾ ಕುಡ್ಯಾಕ. ನನ್ನ ಹಂತ್ಯಾಕ ಚಾ ಎಲ್ಲೈತಿ ಅಂತೀಯೇನು? ಇಲ್ಲ, ಅದಕ್ಕ ಸಿಟ್ಟಾಗಿ ಹೋದ. ಅಂವ ಏನಂದ ಗೊತ್ತೇನು? ಪರಶು ಬಾಗಲಾ ಬಿದ್ದು ಸತ್ತಾನಂತ. ಬುಲ್ಡೋಜರ ಬರೂದ್ರಾಗ ತನ್ನ ಮನಿ ಬಾಗಲಾ ಕಿತ್ತು ತಲಿಮ್ಯಾಲ ಹೊತಗೊಂಡು ಹೊಂಟಿದ್ನಲ್ಲ, ಅದು ಜಾರಿ ಬಿತ್ತಂತ. ನಾ ಕೇಳಿದೆ, ಸಾಹೇಬ್ರ, ಬೆನ್ನಮ್ಯಾಲ ಎಷ್ಟ ಸಲ ಬಿತ್ರಿ? ಒಂದೇ ಸಲ ಅಂದ. ಹಂಗಾರ ಹದಿನಾಕು ಬರಿ ಹೆಂಗ ಎದ್ವು? ಬಾಗಲಕ್ಕ ಹದಿನಾಕು ಪಟ್ಟಿ ಇದ್ವು ಅಂದ. ಹಂಗ ಬರಕೊಂಡಾರ. ಬಾಗಲಾನೂ ಹಿಡಕೊಂಡು ಹೋಗ್ಯಾರ. ಠಾಣೆದಾಗ ಗ್ವಾಡಿಗೆ ನಿಂದರಿಸಿ, ಕೊಂಡಿಗೆ ಬೀಗ ಹಾಕ್ಯಾರಂತ. ಓಡಿ ಹೋಗಬಾರದಲ್ಲ.

ಈಗ ನಗವಲ್ಲಿ ನೀ.

ಹದಿನಾಕು ಅಂತ ನನಗ ಯಾರು ಹೇಳಿದ್ರು? ಮಂದಿ ಹೇಳಿದ್ರು. ಆವತ್ತು ನಾ ಇಲ್ಲಿ ಇರಲೇ ಇಲ್ಲ, ಕೊರ್ತಾಲಿಮ್‌ಕ್ಕ ಬುಟ್ಟಿ ಮಾರಾಕ ಹೋಗಿದ್ದೆ. ಹೌದು, ಹೋಗಿದ್ದೆ. ಹಿಂಗ ಯಾಕ ನೋಡತಿ? ದವಾಖಾನ್ಯಾಗ ಕುಂತ ವಿಚಾರಣಿ ಸಾಹೇಬ ನಿನಗ ಸಾಕ್ಷಿ ತಾ ಅಂದಾನಂತ, ಕೇಳೇನಿ. ನಾಕರೊಳಗ ತರಬೇಕಂತ, ಇಲ್ಲಾಂದ್ರ ಬಾಗಲಾನೇ ಖರೇ. ಎಲ್ಲಿಂದ ತರತಿ ಬಿಡು ಯವ್ವಾ. ಹೊತ್ತು ಮುಣಗೂದ್ರಾಗ ಅವನ್ನ ಚಲೋತಂಗ ಕಳಸೋಣು. ನೋಡಿಲ್ಲಿ, ಏಳು ಅಡ್ಡಗೋಲು, ಒಂದೂ ಅಲಗ್ಯಾಡವಲ್ದು...

ಅದೇನ? ಏಳನೇದ್ದು? ಅದು ಹಳೇ ಬಿದಿರು. ಹಸೀದು ಸಾಲಲಿಲ್ಲ. ...ಹೌದು, ಇಲ್ಲೇ ಬಿದ್ದೈತಿ ಹಸೀದು, ಕಾಣತೈತಿ ನನಗೂ. ಕೈಗೆ ಸಿಕ್ಕಿದ್ದು ಕಟ್ಟಿದೆ. ಎಣ್ಣಿ ಕುಡದೈತಿ, ಅದಕ್ಕ ಕೆಂಪಗೈತಿ. ಚಟ್ಟಕ್ಕ ಯಾರೂ ಎಣ್ಣಿ ಕುಡಸಂಗಿಲ್ಲ, ಖರೇ. ಹೆಂಗಿದ್ರೂ ಸಂಜೀಕ ಅವನ ಜೋಡಿ ಸುಟ್ಟು ಹೋಗತೈತಲ್ಲ...

ಮುಟ್ಟಬ್ಯಾಡ. ಆ ತುದಿ ಮುರದೈತಿ, ಸಿಬರು ಚುಚ್ಚತಾವು.

ಏನರ ಅನ್ನು ನೀಲವ್ವ. ಬೈಯಿ. ಮಾರಿಗೆ ಉಗಳು.

...ಠಾಣೆಕ್ಕ ಲಾಠಿ ಮಾಡಿ ಕೊಡಾಂವ ನಾನೇ. ಆರು ವರ್ಷ ಆತು. ಗಟ್ಟಿ ಬಿದಿರು ಆರಿಸಿ, ಮೂರು ತಿಂಗಳು ಎಣ್ಣಿ ಕುಡಿಸಿ ಕೊಡತೇನಿ. ಒಂದೂ ಮುರದಿರಲಿಲ್ಲ. ಫೌಜದಾರ ಚಾ ಕುಡ್ಯಾಕ ಬಂದಿರಲಿಲ್ಲ. ಈ ತುಂಡು ನನ್ನ ಮುಂದ ಒಗದು, ಎಂಥಾ ಮಾಲು ಕೊಡತೀಲೇ, ಒಬ್ಬ ಮನಶ್ಯಾಗ ತಡೀಲಿಲ್ಲ ಅಂತ ಬೈದ. ಇಲ್ಲದಂಗ ಮಾಡು ಅಂದ. ಎಲ್ಲಿ ಸುಡ್ಲಿ, ಒಲೀ ಮ್ಯಾಲ ಬುಲ್ಡೋಜರ ಹಾದೈತಿ. ಸಮುದ್ರಕ್ಕ ಒಗದೆ. ಬಿದಿರಲ್ಲ, ತೇಲಿಕೋತ ತಿರುಗಿ ಬಂತು. ಎರಡು ಸಲ ಒಗದೆ, ಎರಡು ಸಲ ಬಂತು. ಅದನ್ನ ಹಿಡಕೊಂಡು ಕುಂತಿದ್ದೆ. ಅಷ್ಟರಾಗ ನೀ ಬಂದಿ. ಕಾಕಾ, ಒಂದು ಚಟ್ಟ ಬೇಕು ಅಂದಿ.

ಕೊರ್ತಾಲಿಮ್‌ಕ್ಕ ಹೋಗಿರಲಿಲ್ಲ ನಾ. ಅಲ್ಲೇ, ಬುಟ್ಟಿ ಹಿಂದ ಕುಂತು ಲಾಠಿ ಏಟು ಎಣಿಸೇನಿ. ಹದಿನಾಕನೇದ್ದಕ್ಕ ಮುರೀತು. ಅಂವ ಬಿದ್ದ. ಆಗ ನನಗ ಮೊದಲ ಏನನಸ್ತು ಗೊತ್ತೇನು ಯವ್ವಾ? ಅಯ್ಯ, ನನ್ನ ಮಾಲು ಮುರೀತಲ್ಲ, ಅಂತ.

ಹಂಗ ಎಳದ್ರ ಬಿಚ್ಚಂಗಿಲ್ಲ ಆ ಗಂಟು. ಉಗರು ಕಿತ್ತಾವು, ಬಿಡು. ತಡಿ, ನಾನೇ ಕೊಯ್ಯತೇನಿ. ತಗೋ.

ಅಲ್ಲಿ ಗೆಣ್ಣಿನ ಬಾಜೂಕ ಮೂರು ಚುಕ್ಕಿ ಕಾಣತಾವಲ್ಲ, ಸುಟ್ಟು ಇಟ್ಟದ್ದು, ಅದು ನನ್ನ ಗುರುತು. ನಿಮ್ಮ ಮದವ್ಯಾಗ ಕೊಟ್ಟ ಮೊರದ ಮ್ಯಾಲೂ ಅದೇ ಐತಿ. ಅದೊಂದು ಕೆರದು ಕೊಡ್ಲೇನು?

...ಆತು. ಆತು, ಕತ್ತಿ ಕೆಳಗಿಟ್ಟೆ, ನೋಡು.

ಹೋಗು, ನಾಕಾಗೂದ್ರಾಗ ಇದನ್ನ ಆ ಸಾಹೇಬನ ಮುಂದ ಇಡು. ಈ ಲಾಠಿ ಯಾರು ಮಾಡಿದ್ದು ಅಂದ್ರ ನನ್ನ ಹೆಸರು ಹೇಳು. ಪರಶೂನ್ನ ತಗೊಂಡೇ ಬಾ. ಇನ್ನೊಂದು ಹಸೀದು ಸೀಳಿ ಕಟ್ಟಿರತೇನಿ. ಭಾರದ ಮನಶ್ಯಾ, ಆರು ಗೋಲಿನ ಮ್ಯಾಲ ತಡಿಯಂಗಿಲ್ಲ.