ಮೂವತ್ತೆರಡನೆಯ ಪ್ರಶ್ನೆ

ಗಡಿಗೆಪ್ಪನವರ ಮಡದಿ ಬಾಲಮ್ಮನವರೇ, ಮಗಳು ಭಾಗ್ಯಜ್ಯೋತಿ, ನಮ್ಮ ಕೀಟ ಪರೀಕ್ಷಾ ಕೇಂದ್ರದ ಹಿರಿಯರೇ, ಹೊಲದ ಕೆಲಸ ಬಿಟ್ಟು ಮಾನ್ವಿಯಿಂದ, ಸಿರವಾರದಿಂದ ರಾಯಚೂರಿಗೆ ಬಂದಿರುವ ರೈತರೇ — ಎಲ್ಲರಿಗೂ ನಮಸ್ಕಾರ. ನಾನು ಯಶೋಧಾ. ಗಡಿಗೆಪ್ಪನವರ ಜೊತೆ ಮೂರು ವರ್ಷ ಒಂದೇ ಮೇಜಿನಲ್ಲಿ ಕೂತವಳು. ಕೈಯಲ್ಲಿ ಮದುವೆಯ ಮದರಂಗಿ ಇನ್ನೂ ಮಾಸಿಲ್ಲ. ಈ ಕೈಯಲ್ಲಿ ಈ ಮೈಕ್ ಹಿಡಿಯಲು ಹೇಗೋ ಆಗುತ್ತದೆ. ನಾನು ಬಹಳ ಮಾತಾಡುವವಳು, ಕ್ಷಮಿಸಿ. ಅವರಿದ್ದಿದ್ದರೆ "ಮೇಡಂ, ಉಸಿರು ತಗೋರಿ" ಅನ್ನುತ್ತಿದ್ದರು.

ನಮ್ಮ ಕೆಲಸ ಹೀಗೆ. ಹುಳಗಳನ್ನು ಗುರುತಿಸುವ ಪುಸ್ತಕಗಳಿವೆ — ಇಷ್ಟು ದಪ್ಪ, ಎಲ್ಲ ಇಂಗ್ಲಿಷಿನವು. ಅವುಗಳ ತುಂಬ ಪ್ರಶ್ನೆಗಳು. ರೆಕ್ಕೆ ಒಂದು ಜೊತೆಯೇ, ಎರಡು ಜೊತೆಯೇ? ಒಂದಾದರೆ ಆ ಪ್ರಶ್ನೆಗೆ ಹೋಗಿ, ಎರಡಾದರೆ ಈ ಪ್ರಶ್ನೆಗೆ. ಹೋಗಿ ಹೋಗಿ ಕೊನೆಗೆ ಹೆಸರು ಸಿಗುತ್ತದೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಓದಬೇಕು, ಒಬ್ಬರು ಲೆನ್ಸಿನಲ್ಲಿ ನೋಡಬೇಕು. ನಾನು ಬರುವ ಮೊದಲು ಹನ್ನೊಂದು ವರ್ಷ ಅವರೊಬ್ಬರೇ ಮಾಡಿದರು. ಒಂದು ಸಾಲು ಓದುವುದು, ಲೆನ್ಸಿಗೆ ಬಗ್ಗುವುದು, ಓದಿದ್ದು ಮರೆತು ಮತ್ತೆ ಪುಸ್ತಕಕ್ಕೆ ಬರುವುದು. ಹನ್ನೊಂದು ವರ್ಷ!

ನಾನು ಇಂಗ್ಲಿಷ್ ಮೀಡಿಯಂ ಹುಡುಗಿ. ಮೊದಲ ದಿನ ಎಷ್ಟು ಜೋರಾಗಿ ಓದಿದೆ ಗೊತ್ತೇ, ಸ್ಕೂಲ್ ಡೇ ಭಾಷಣದ ಹಾಗೆ! ಅವರು ಲೆನ್ಸಿನಿಂದ ತಲೆ ಎತ್ತಲೇ ಇಲ್ಲ. "ಮೇಡಂ, ಹುಳಕ್ಕ ತಿಳಿಯಂಗ ಓದ್ರಿ" ಅಂದರು. ಮೀಸೆ, ಸೊಂಟ, ತೊಡೆ, ತೊಡೆಯ ಮೇಲಿನ ಮುಳ್ಳಿನಂಥ ಹಲ್ಲು, ಪಾದ — ಹುಳದ ಮೈಯನ್ನು ಕನ್ನಡದಲ್ಲಿ ನನಗೆ ಕಲಿಸಿದವರು ಅವರು. ಒಮ್ಮೆ ನಾನು ಅವಸರದಲ್ಲಿ ಎರಡು ಪುಟ ಒಟ್ಟಿಗೆ ತಿರುವಿಬಿಟ್ಟೆ. ಮಟಮಾರಿಯ ಹೊಲದ ಹುಳಕ್ಕೆ ಹಿಮ ಬೀಳುವ ದೇಶದ ಹೆಸರು ಬಂತು. "ಮಟಮಾರಿ ಹುಳಕ್ಕ ಸ್ವೆಟರ್ ಹಾಕಿದ್ರಿ ನೋಡ್ರಿ! ನಡೀರಿ ಹಿಂದಕ, ಎಲ್ಲಿ ದಾರಿ ತಪ್ಪೀವಿ ನೋಡೂನು." ಬೈಗುಳ ಅಂದರೆ ಅಷ್ಟೇ.

ನಾನು ಪ್ರಶ್ನೆ ಓದಿದ ಮೇಲೆ ಅವರು ಸುಮ್ಮನಾಗುತ್ತಿದ್ದರು. ಒಂದು ನಿಮಿಷ, ಕೆಲವೊಮ್ಮೆ ಎರಡು. ಹೀಗೆ — ಎಡಗೈ ಮೇಜಿನ ಮೇಲೆ, ಬಲಗೈ ಲೆನ್ಸಿನ ತಿರುಗಣೆಯ ಮೇಲೆ. ಆಮೇಲೆ "ಹ್ಞೂಂ, ಮುಂದ" ಅನ್ನುತ್ತಿದ್ದರು. ನಾನು ಬಾಯಿ ಮುಚ್ಚಿ ಕೂರುತ್ತಿದ್ದದ್ದು ಆಗ ಮಾತ್ರ.

ಮದುವೆಗೆ ರಜೆ ಹಾಕಿದಾಗ ಇಡೀ ಪುಸ್ತಕದ ಪ್ರಶ್ನೆಗಳನ್ನು ಅವರ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ. ದೇವದುರ್ಗದ ಗಂಡನ ಮನೆಯಲ್ಲಿದ್ದೆ — ದಿನಕ್ಕೊಬ್ಬರ ಮನೆಯಲ್ಲಿ ಊಟ, ದಿನಕ್ಕೊಂದು ಸೀರೆ, ನಗು ನಿಲ್ಲುತ್ತಲೇ ಇರಲಿಲ್ಲ. ಆಗ ಅವರ ಫೋನ್ ಬಂತು. ಮಾನ್ವಿಯ ಹಾಜಿರಾ ಬೀ ತಮ್ಮ ಹತ್ತಿ ಹೊಲದಿಂದ ಒಂದು ಸಣ್ಣ ಕರಿ ಕಣಜದ ಹುಳ ತಂದಿದ್ದರಂತೆ. ಅದು ಹತ್ತಿಯ ಹುಳುವನ್ನು ಕೊಲ್ಲುವ ಕಣಜ, ಕೀಟನಾಶಕದ ಎಣ್ಣೆ ಹೊಡೆಯಬೇಡಿ ಅಂತ ಗಡಿಗೆಪ್ಪನವರು ಆಗಲೇ ಹೇಳಿದ್ದರು. ಆದರೆ ಹಾಜಿರಾ ಬೀ ಬಿಡಲಿಲ್ಲವಂತೆ: "ನಮ್ಮ ಹೊಲಕ್ಕ ಇಷ್ಟು ಮಾಡ್ಯದ, ಅದರ ಹೆಸರರ ಹೇಳ್ರಿ ಸಾಹೇಬ್ರ."

"ಯಾವಾಗ ಬರ್ತೀರಿ ಮೇಡಂ?"

"ಸರ್, ರೆಕಾರ್ಡಿಂಗ್ ಇದೆಯಲ್ಲ!"

"ಅದು ಕಾಯಂಗಿಲ್ರಿ ಮೇಡಂ. ನಾ ನೋಡೂದ್ರಾಗ ಮುಂದ ಹೋಗಿಬಿಡ್ತದ."

ನಾನು ನಕ್ಕೆ. ಇನ್ನೂ ಹತ್ತು ದಿನ ರಜೆ ಮುಂದುವರಿಸಿದ್ದೇನೆ ಅಂದೆ.

"ಇರ್ರಿ, ಆರಾಮ ಇರ್ರಿ. ಹುಳ ಎಲ್ಲಿಗೆ ಹೋಗ್ತದ? ನಾ ಎಲ್ಲಿಗೆ ಹೋಗ್ತೀನಿ?"

ಎಂಟನೆಯ ದಿನ ಅವರು ಹೋದರು. ಎದೆನೋವು ಅಂತ ಕೂತರಂತೆ, ಅಷ್ಟೇ. ಬಾಲಮ್ಮನವರೇ, ನನ್ನ ದುಃಖ ನಿಮ್ಮ ದುಃಖದ ಮುಂದೆ ಏನೂ ಅಲ್ಲ. ಆದರೂ ಹೇಳದೆ ಇರಲು ಆಗುತ್ತಿಲ್ಲ.

ನಿನ್ನೆ ಆ ಕೋಣೆಯ ಬಾಗಿಲು ತೆರೆದೆ. ಕಣಜ ಲೆನ್ಸಿನ ಕೆಳಗೇ ಇತ್ತು. ಪುಸ್ತಕ ತೆರೆದಿತ್ತು. ನಡುವೆ ಒಂದು ಚೀಟಿ, ಅವರ ಅಕ್ಷರ: "31ರ ತನಕ ಸರಿ ಅದ. ಮುಂದ ಮೇಡಂ ಓದ್ಲಿ."

ಕೂತು ಮೂವತ್ತೆರಡನೆಯ ಪ್ರಶ್ನೆಯನ್ನು ಜೋರಾಗಿ ಓದಿದೆ. ಕಾದೆ. ಬಹಳ ಹೊತ್ತು ಕಾದೆ. ಆಮೇಲೆ ನಾನೇ ಎದ್ದು ಅವರ ಕುರ್ಚಿಯ ಕಡೆ ಹೋಗಿ ಲೆನ್ಸಿಗೆ ಬಗ್ಗಿದೆ. ಓದಿದ್ದು ಮರೆತುಹೋಗಿತ್ತು. ಮತ್ತೆ ಪುಸ್ತಕಕ್ಕೆ ಬಂದೆ, ಮತ್ತೆ ಮರೆತೆ. ಹನ್ನೊಂದು ವರ್ಷ ಅಂದರೆ ಏನು ಅಂತ ಆಗ ತಿಳಿಯಿತು.

ಹಾಜಿರಾ ಬೀ ಇಲ್ಲೇ, ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಆಪಾ, ಹೆಸರು ಹುಡುಕಿ ಕೊಡುತ್ತೇನೆ. ತಡವಾಗುತ್ತದೆ. ಒಬ್ಬಳೇ ಇದ್ದೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗಡಿಯಾರ ನೋಡುವುದು ಬೇಡ. ಆ ಪ್ರಶ್ನೆಯನ್ನು ನಾನು ಒಮ್ಮೆ ಓದುತ್ತೇನೆ. ಆಮೇಲೆ ಅವರು ನೋಡಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ಸುಮ್ಮನೆ ನಿಲ್ಲೋಣ. ಈ ಸಲ ನಾನು ಕಾಯುತ್ತೇನೆ.

ಮೂವತ್ತೆರಡು. ಹಿಂಗಾಲಿನ ತೊಡೆಯ ಅಂಚಿನಲ್ಲಿ ಒಂದೇ ಹಲ್ಲು ಇದೆಯೇ — ಸಾಲು ಹಲ್ಲುಗಳಿವೆಯೇ?